ಕಾಶಿಬಾಯಿ ಅಕ್ಕೋರ ಸಾಲಿ

ಕುಸುಬಿ ಎಣ್ಣೆ ಕಾಯುವ ವಾಸನೆ ಈಗ ನಮ್ಮ ಓಣಿಗಳಲ್ಲಿ ಅಪರೂಪವಾಗಿದೆ. ಮೊನ್ನೆ ಪಕ್ಕದ ಮನೆಗೆ ಹಳ್ಳಿಯಿಂದ ಬಂದ ಮುದುಕಿಯೊಬ್ಬರು ಗಾಣದ ಎಣ್ಣೆಯನ್ನೇ ಡಬ್ಬಿಯಲ್ಲಿ ತಂದಿದ್ದರಂತೆ. ಅದರಲ್ಲಿ ಬಳ್ಳೊಳ್ಳಿ ಸಿಡಿಸಿ ಪುಂಡಿ ಪಲ್ಲೆಗೆ ಒಗ್ಗರಣೆ ಕೊಟ್ಟರು. ಆ ಘಾಟು ಕಿಟಕಿಯಿಂದ ಒಳಗೆ ಬಂದಾಗ ನಾನು ಹಿಡಿದ ಕೆಲಸ ಬಿಟ್ಟು ಸುಮ್ಮನೆ ಕೂತುಬಿಟ್ಟೆ. ಬೇರೆಯವರಿಗಾದರೆ ಈ ವಾಸನೆಯಿಂದ ತವರಿನ ಅಡುಗೆಮನೆ ನೆನಪಾದೀತು. ನನಗೆ ನೆನಪಾಗುವುದು ನಾನು ಕಲಿತ ಸಾಲಿ. ಸಿಂದಗಿಯ ಹಳೇ ಪೇಟೆಯ ಹಿಂದಿನ ಓಣಿಯಲ್ಲಿ, ಮಣ್ಣಿನ ಮಾಳಿಗೆಯ ಒಂದು ದೊಡ್ಡ ಮನೆಯ ಪಡಸಾಲೆಯಲ್ಲಿ ಆ ಸಾಲಿ ನಡೆಯುತ್ತಿತ್ತು. ಪಡಸಾಲೆಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಮಧ್ಯಾಹ್ನದ ಹೊತ್ತಿಗೆ ಆ ಗೋಡೆಯ ಆಚೆ ಎಣ್ಣೆ ಕಾದರೆ ಈಚೆ ನಮ್ಮ ಲೆಕ್ಕಗಳೆಲ್ಲ ತಪ್ಪತೊಡಗುತ್ತಿದ್ದವು. ನೀವೂ ಇಂಥ ಮನೆಗಳಲ್ಲಿ ಬೆಳೆದವರಾಗಿದ್ದರೆ, ಬೆಳಕಿಂಡಿಯಿಂದ ಇಳಿಯುವ ಬಿಸಿಲಿನ ಕೋಲು ನೆಲದ ಮೇಲೆ ಹೇಗೆ ಸರಿಯುತ್ತದೆ, ಸಗಣಿ ಸಾರಿಸಿದ ನೆಲ ಬೇಸಿಗೆಯಲ್ಲಿ ಅಂಗಾಲಿಗೆ ಎಷ್ಟು ತಂಪಾಗಿರುತ್ತದೆ ಎಂಬುದನ್ನು ನಾನು ಹೇಳಬೇಕಿಲ್ಲ. ಅಂಥ ಮನೆಗಳೇ ಈಗ ಇಲ್ಲ.

ಸಾಲಿ ನಡೆಸುತ್ತಿದ್ದವರು ಕಾಶಿಬಾಯಿ ಅಕ್ಕೋರು. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಗಂಡನನ್ನು ಕಳೆದುಕೊಂಡು ಗಂಡನ ಮನೆಯಲ್ಲೇ ಉಳಿದವರು. ಮನೆಯಲ್ಲಿ ಅವರ ಅತ್ತೆಯನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಆ ಅತ್ತೆಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಆಗ, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ನಮ್ಮ ಊರಲ್ಲಿ ಹುಡುಗಿಯರು ಏಳನೆಯ ಇಯತ್ತೆ ಮುಗಿಸಿದರೆ ಮನೆ ಹಿಡಿಯುತ್ತಿದ್ದರು. ಹೈಸ್ಕೂಲು ಬಸ್‌ಸ್ಟ್ಯಾಂಡಿನ ಆಚೆ ಇತ್ತು, ಅಲ್ಲಿ ಗಂಡುಹುಡುಗರ ನಡುವೆ ಮಗಳನ್ನು ಕೂರಿಸಲು ಯಾವ ತಂದೆಯೂ ಒಪ್ಪುತ್ತಿರಲಿಲ್ಲ. ಅಕ್ಕೋರು ಸ್ವತಃ ಮೆಟ್ರಿಕ್ ಓದಿದ್ದರು. ಮೊದಲು ಓಣಿಯ ಇಬ್ಬರು ಮೂವರು ಹುಡುಗಿಯರಿಗೆ ಹೇಳಿಕೊಡಲು ಶುರು ಮಾಡಿದರು. ನಾಲ್ಕಾರು ವರ್ಷಗಳಲ್ಲಿ ಪಡಸಾಲೆ ತುಂಬಿತು. ಅಲ್ಲಿ ಓದಿದವರು ವಿಜಾಪುರಕ್ಕೆ ಹೋಗಿ ಖಾಸಗಿಯಾಗಿ ಮೆಟ್ರಿಕ್ ಪರೀಕ್ಷೆಗೆ ಕೂಡುತ್ತಿದ್ದರು. ಅಕ್ಕೋರೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಪರಿಚಯದವರ ಮನೆಯಲ್ಲಿ ಇಳಿಸಿ, ಬುತ್ತಿ ಬಿಚ್ಚಿ ಉಣ್ಣಿಸಿ, ಪರೀಕ್ಷೆ ಮುಗಿಯುವವರೆಗೆ ಹೊರಗಿನ ಬೇವಿನ ಮರದ ಕೆಳಗೆ ಕೂತಿರುತ್ತಿದ್ದರು.

ಆ ಸಾಲಿಯಲ್ಲಿ ಗಂಟೆ ಇರಲಿಲ್ಲ, ಹಾಜರಿ ಕೂಗುವ ರೂಢಿಯೂ ಇರಲಿಲ್ಲ. ಸುಗ್ಗಿಗೆ ಹೊಲಕ್ಕೆ ಹೋದವರು ಸುಗ್ಗಿ ಮುಗಿಸಿಕೊಂಡು ಬರುತ್ತಿದ್ದರು. ಅಕ್ಕನ ಬಾಣಂತನಕ್ಕೆ ನಿಂತವರು ತೊಟ್ಟಿಲು ಹಾಕಿದ ಮೇಲೆ ಬರುತ್ತಿದ್ದರು. ಬಂದವಳನ್ನು ಅಕ್ಕೋರು ಬೈಯದೆ ಎಲ್ಲಿಗೆ ಬಿಟ್ಟಿದ್ದಳೋ ಅಲ್ಲಿಂದ ಕೂರಿಸಿಕೊಳ್ಳುತ್ತಿದ್ದರು. ಅವರ ಇನ್ನೊಂದು ಪದ್ಧತಿಯೆಂದರೆ ಕಲಿತವಳು ಕಲಿಯದವಳಿಗೆ ಹೇಳಿಕೊಡಬೇಕು. ಲೆಕ್ಕ ಬಿಡಿಸಿ ಹೆಮ್ಮೆಯಿಂದ ಪಾಟಿ ತೋರಿಸಿದರೆ ಅವರು ಅದನ್ನು ನೋಡುತ್ತಲೇ ಇರಲಿಲ್ಲ. “ಇನ್ನೊಬ್ಬಾಕಿಗೆ ತಿಳಿಸಿ ಹೇಳು. ಆಕಿಗೆ ಬಂತಂದ್ರ ನಿನಗ ಬಂತು ಅಂತ ತಿಳೀತೇನಿ” ಎನ್ನುತ್ತಿದ್ದರು. ಲೆಕ್ಕವೆಂದರೆ ಹೊಟ್ಟೆನೋವು ಬರುತ್ತಿದ್ದ ನನ್ನನ್ನು ಹೀಗೆ ಅವರು ಒಪ್ಪಿಸಿದ್ದು ನೀಲವ್ವನ ಕೈಗೆ.

ನೀಲವ್ವ ಕುರುಬರ ಹುಡುಗಿ, ನನ್ನ ಓರಗೆಯವಳು. ಅವಳ ತಂದೆ ಕುರಿ ಹಿಂಡು ಹೊಡೆದುಕೊಂಡು ಆಲಮೇಲದ ಕಡೆ, ಭೀಮಾನದಿಯ ದಂಡೆಗುಂಟ ವರ್ಷದ ಅರ್ಧ ಭಾಗ ತಿರುಗುತ್ತಿದ್ದ. ಒಮ್ಮೆ ಕಂಬಳಿ ಮಾರಲು ಸಂತೆಗೆ ಬಂದವನು, ಈ ಹುಡುಗಿ ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿ ತಲೆ ತಿನ್ನುತ್ತಾಳೆ ಎಂದು ಅಕ್ಕೋರ ಹತ್ತಿರ ದೂರು ಹೇಳಿದನಂತೆ. ಅಕ್ಕೋರು ಅವಳನ್ನು ಮನೆಯಲ್ಲೇ ಇಟ್ಟುಕೊಂಡರು. ಓಣಿಯವರು ಗುಸುಗುಸು ಮಾಡಿದರು. ಆಯಿ ಮಡಿವಂತಳು, ನೀಲವ್ವನ ತಾಟನ್ನು ಹೊರಗಿನ ಕಟ್ಟೆಯ ಮೇಲೆ ಇಡುತ್ತಿದ್ದಳು, ನೀರಿನ ಕೊಡ ಮುಟ್ಟಗೊಡುತ್ತಿರಲಿಲ್ಲ. ಆದರೆ ಆಯಿಗೆ ಕಣ್ಣಲ್ಲಿ ಪೊರೆ ಬಂದು ಪುರಾಣದ ಪುಸ್ತಕ ಓದುವುದು ನಿಂತಿತು. ಸೊಸೆಗೆ ಪುರುಸೊತ್ತಿಲ್ಲ. ನೀಲವ್ವ ಅಡುಗೆಮನೆಯ ಹೊಸ್ತಿಲಾಚೆ ಕೂತು ಓದಿ ಹೇಳತೊಡಗಿದಳು. ಒಂದು ದಿನ ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಅಲ್ಲಿ ಕುಂತು ಓದಿದ್ರ ಕೇಳ್ಸಂಗಿಲ್ಲವಾ. ಒಳಗ ಬಾ” ಎಂದಳು. ಆಯಿಯ ಕಿವಿ ಎಷ್ಟು ಚುರುಕಾಗಿತ್ತೆಂದರೆ ಪಡಸಾಲೆಯ ಮೂಲೆಯಲ್ಲಿ ನಾವು ಪಿಸುಗುಟ್ಟಿದ್ದೂ ಅವಳಿಗೆ ತಿಳಿಯುತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ನಗಲಿಲ್ಲ. ಮುಂದೆ ನೀಲವ್ವನ ತಲೆ ಬಾಚಿ ಎಣ್ಣೆ ಹಚ್ಚುವುದೂ ಆಯಿಯ ಕೆಲಸವಾಯಿತು.

ನನಗೆ ಗಣಿತ ಕಲಿಸಿದ್ದು ಆ ನೀಲವ್ವ. ನಮ್ಮಪ್ಪನಿಗೆ ತೊಗರಿಯ ಅಡತಿ ಅಂಗಡಿ ಇತ್ತು. ನಾನು ಬಡ್ಡಿಯ ಲೆಕ್ಕವನ್ನು ಬಾಯಲ್ಲೇ ಬಿಡಿಸಿದಾಗ ಅವರು ಗಿರಾಕಿಗಳ ಮುಂದೆ, ಇದು ನಮ್ಮ ವಂಶದ ರಕ್ತ ಎಂದು ಮೀಸೆ ತಿರುವಿದರು. ಆ ವಿದ್ಯೆ ಬಂದದ್ದು ಯಾರಿಂದ ಎಂದು ನಾನು ಹೇಳಿದರೂ ಅವರ ಕಿವಿಗೆ ಬೀಳಲಿಲ್ಲ.

ನಾನು ಒಂಬತ್ತನೆಯ ಇಯತ್ತೆಗೆ ಬರುವ ಹೊತ್ತಿಗೆ ಆಯಿ ತೀರಿಕೊಂಡಳು. ದಿನಕರ್ಮಗಳು ಮುಗಿಯುವ ಮೊದಲೇ ಅಕ್ಕೋರ ಮೈದುನ ಸೊಲ್ಲಾಪುರದಿಂದ ಬಂದು, ಮನೆ ತನ್ನದೆಂದೂ ಖಾಲಿ ಮಾಡಬೇಕೆಂದೂ ಹೇಳಿದ. ಇದೇ ಹೊತ್ತಿನಲ್ಲಿ ಊರಿನ ದೊಡ್ಡವರು ಮುಂದೆ ಬಂದರು. ಹತ್ತಿ ಗಿರಣಿಯ ಯಜಮಾನರು, ಅವರ ಜೊತೆಗೆ ಕೆಲವರು ವ್ಯಾಪಾರಿಗಳು, ಅವರಲ್ಲಿ ನಮ್ಮಪ್ಪನೂ ಒಬ್ಬರು. ಒಂದು ಕಮಿಟಿ ಮಾಡೋಣ, ಸರಕಾರದ ಮಾನ್ಯತೆ ತರೋಣ, ಊರ ಹೊರಗೆ ಜಾಗವಿದೆ, ಕಟ್ಟಡ ಕಟ್ಟೋಣ, ನೀವು ಕಟ್ಟಿದ ಸಾಲಿ ನೂರು ಕಾಲ ಬಾಳಲಿ ಎಂದರು. ಅಕ್ಕೋರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎಲ್ಲರಿಗೂ ಕೈಮುಗಿದರು. ಪಡಸಾಲೆಯ ಕಂಬದ ಹಿಂದೆ ನಿಂತು ನಾವು ಅದನ್ನು ನೋಡಿದೆವು. ನಮಗೂ ಸಂತೋಷವಾಗಿತ್ತು. ಹೊಸ ಸಾಲಿಯಲ್ಲಿ ಬೆಂಚುಗಳಿರುತ್ತವೆ ಎಂದು ಯಾರೋ ಹೇಳಿದ್ದರು.

ಬೆಂಚುಗಳು ಬಂದವು. ಗಿರಣಿ ಯಜಮಾನರ ಸಂಬಂಧಿಯೊಬ್ಬರು ಹೆಡ್‌ಮಾಸ್ತರರಾಗಿ ಬಂದರು. ಮಾನ್ಯತೆ ಸಿಕ್ಕ ಸಾಲಿಯಲ್ಲಿ ತರಬೇತಿಯಾದವರೇ ಕಲಿಸಬೇಕು, ಬರಿಯ ಮೆಟ್ರಿಕ್ ಆದವರು ಕಲಿಸುವಂತಿಲ್ಲ ಎಂದು ತಿಳಿಸಿ, ಅಕ್ಕೋರನ್ನು ಹೊಲಿಗೆ ಕಲಿಸಲು ಇಟ್ಟುಕೊಂಡರು. ಹೆಣ್ಣುಮಕ್ಕಳಿಗೆ ಗಣಿತ, ಇತಿಹಾಸ, ವ್ಯಾಕರಣ ಎಲ್ಲವನ್ನೂ ಕಲಿಸಿದ ಕೈಗೆ ಸೂಜಿ ದಾರ ಬಂತು. ಅವರಿಗೆ ಹೊಲಿಗೆ ಅಷ್ಟು ಚೆನ್ನಾಗಿ ಬರುತ್ತಲೂ ಇರಲಿಲ್ಲ. ವಾರಕ್ಕೆರಡು ಸಲ, ಊಟದ ಬಿಡುವಾದ ಮೇಲೆ, ಹುಡುಗಿಯರು ಆಕಳಿಸುತ್ತ ಗುಂಡಿ ಹಚ್ಚುವಾಗ ಅಕ್ಕೋರು ಕಿಟಕಿಯ ಹತ್ತಿರ ನಿಂತು ಪಕ್ಕದ ವರ್ಗದಲ್ಲಿ ನಡೆಯುವ ಪಾಠಕ್ಕೆ ಕಿವಿಗೊಡುತ್ತಿದ್ದರು. ಮಾಸ್ತರರು ಎಲ್ಲಿಯಾದರೂ ತಪ್ಪಿದರೆ ಅವರ ಹುಬ್ಬು ಸ್ವಲ್ಪ ಗಂಟಾಗುತ್ತಿತ್ತು, ಅಷ್ಟೇ. ಬಾಡಿಗೆಯ ಒಂದು ಕೋಣೆಯಲ್ಲಿ ಅವರು, ನೀಲವ್ವ ಇಬ್ಬರೇ ಇರುತ್ತಿದ್ದರು. ಸಂಜೆ ನಾವು ಕೆಲವರು ಅಲ್ಲಿಗೆ ಹೋಗಿ ನಿಜವಾದ ಪಾಠ ಕಲಿಯುತ್ತಿದ್ದೆವು.

ಮೆಟ್ರಿಕ್ ವರ್ಷ ನನಗೆ ವಿಷಮಜ್ವರ ಬಂತು. ದೀಪಾವಳಿಯಿಂದ ಸಂಕ್ರಾಂತಿಯ ತನಕ ಹಾಸಿಗೆಯಲ್ಲೇ ಇದ್ದೆ. ನಾನು ಎದ್ದು ಸಾಲಿಗೆ ಹೋಗುವ ಹೊತ್ತಿಗೆ ನೀಲವ್ವನ ತಾಯಿಗೆ ಕಾಯಿಲೆಯಾಗಿತ್ತು. ಕುರಿ ಮರಿ ಹಾಕುವ ಕಾಲ, ತಂದೆ ಒಬ್ಬನೇ ಆಗಿದ್ದ. ನೀಲವ್ವ ಹಿಂಡಿನ ಹಿಂದೆ ಹೋಗಬೇಕಾಯಿತು. ಪುಸ್ತಕಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದವಳು ಶಿವರಾತ್ರಿ ಕಳೆದ ಮೇಲೆ ಬಂದಳು. ಮುಖ ಬಿಸಿಲಿಗೆ ಕಂದಿತ್ತು. ಅಕ್ಕೋರು ಕೇಳಿದ ಒಂದೊಂದು ಪ್ರಶ್ನೆಗೂ ತಡವರಿಸದೆ ಉತ್ತರ ಹೇಳಿದಳು. ಆದರೆ ಹಾಜರಿ ಸಾಲದು, ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಹೆಡ್‌ಮಾಸ್ತರರು ಅವಳನ್ನು ಹೊರಗೆ ಕಳಿಸಿದರು. ಖಾಸಗಿಯಾಗಿ ಕೂಡುವ ಅವಧಿಯೂ ಮೀರಿತ್ತು.

ಮರುದಿನ ಬೆಳಿಗ್ಗೆ ಅಕ್ಕೋರು ನಮ್ಮ ಮನೆಗೆ ಬಂದರು. ಅವರು ಯಾರ ಮನೆಗೂ ಕೇಳಿಕೊಳ್ಳಲು ಹೋದವರಲ್ಲ. ಅಪ್ಪ ಜೋಕಾಲಿಯ ಮೇಲೆ ಕೂತಿದ್ದರು, ಏಳಲಿಲ್ಲ. ನಾನು ಒಳಗಿನ ಬಾಗಿಲ ಮರೆಯಲ್ಲಿದ್ದೆ. ಅಕ್ಕೋರು ನಿಂತೇ ಮಾತಾಡಿದರು. ಆ ಹುಡುಗಿಯ ತಂದೆ ಮೆಟ್ರಿಕ್ ಆಗುವ ತನಕ ಮಾತ್ರ ತಾಳುತ್ತೇನೆ ಎಂದಿದ್ದಾನೆ, ಈ ವರ್ಷ ತಪ್ಪಿದರೆ ಮದುವೆ ಮಾಡಿಬಿಡುತ್ತಾನೆ, ಕಮಿಟಿಯವರು ಒಂದು ಮಾತು ಹೇಳಿದರೆ ಸಾಕು ಎಂದರು. ಅಪ್ಪ ನಿಯಮದ ಮಾತು ತೆಗೆದರು. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದರು. ಅಕ್ಕೋರು ಕೇಳಿದರು:

“ನಿಮ್ಮ ಮಗಳೂ ಅಷ್ಟ ದಿನ ಬಂದಿಲ್ಲಲ್ರಿ. ಆಕಿ ಪರೀಕ್ಷಾಕ್ಕ ಕೂಡಾಕತ್ತಾಳ. ಆಕಿಗಿ ಈ ನಿಯಮ ಇಲ್ಲೇನ್ರಿ?”

ಅಪ್ಪನ ಜೋಕಾಲಿ ನಿಂತಿತು. “ಆಕಿದು ಬ್ಯಾನಿ, ಅಕ್ಕೋರ” ಎಂದರು. “ಇಕಿದು ಕುರಿ ಕಾಯೋದು. ಎರಡೂ ಒಂದ ಹೆಂಗಾಕ್ಕೈತ್ರಿ?”

ಅಕ್ಕೋರು ಸೆರಗು ಸರಿಮಾಡಿಕೊಂಡರು. ಅವರ ದನಿ ಏರಲಿಲ್ಲ. “ನಾ ನಿಮಗ ಸಾಲಿ ಕೊಟ್ಟಿದ್ದೆ. ಹುಡುಗೀನ ಕೊಟ್ಟಿರಲಿಲ್ಲ” ಎಂದು ಹೇಳಿ ಹೊರಟುಹೋದರು. ಅವ್ವ ತಂದಿಟ್ಟಿದ್ದ ಚಹಾ ಕೆನೆಗಟ್ಟಿತು. ಅಪ್ಪ ಅಂಗಡಿಗೆ ಹೋಗುವಾಗ, ಈ ಹೆಂಗಸಿಗೆ ಕಲಿತ ಸೊಕ್ಕು ಎಂದು ಅವ್ವನಿಗೆ ಹೇಳಿದರು. ಆ ಮಾತು ಕೇಳಿದ ದಿನದಿಂದ ನಾನು ಅಪ್ಪನನ್ನು ಮೊದಲಿನಂತೆ ಕಾಣಲಿಲ್ಲ. ಅವರು ಕೊನೆಗಾಲದಲ್ಲಿ ನನ್ನ ಕೈಯಿಂದಲೇ ನೀರು ಕುಡಿದರು. ನೀರು ಕೊಡುವಾಗಲೂ ಈ ಮಾತೇ ನೆನಪಿತ್ತು.

ನಾನು ಪರೀಕ್ಷೆಗೆ ಕೂತೆ, ಪಾಸಾದೆ. ಗಣಿತದಲ್ಲಿ ತಾಲೂಕಿಗೇ ಒಳ್ಳೆಯ ಅಂಕ ಬಂದವೆಂದು ಕಮಿಟಿಯವರು ಸನ್ಮಾನ ಮಾಡಿದರು. ಆ ಹೊತ್ತಿಗೆ ನೀಲವ್ವನಿಗೆ ಮದುವೆಯಾಗಿತ್ತು. ಮದುವೆಗೆ ಅಕ್ಕೋರು ಹೋಗಿ, ಮೂಲೆಯಲ್ಲಿ ಕೂತು, ಅಕ್ಷತೆ ಹಾಕಿ, ಊಟ ಮಾಡದೆ ಬಂದರಂತೆ. ಆಮೇಲೆ ಅವರು ಹೊಸ ಸಾಲಿಗೆ ಕಾಲಿಡಲಿಲ್ಲ. ಕೋಣೆಗೆ ಬೀಗ ಹಾಕಿ ಮುದ್ದೇಬಿಹಾಳದಲ್ಲಿದ್ದ ತಮ್ಮನ ಮನೆಗೆ ಹೋದರು.

ಕಾಲೇಜಿನಲ್ಲಿದ್ದಾಗ ಒಮ್ಮೆ ಅವರನ್ನು ನೋಡಲು ಹೋದೆ. ಹಿತ್ತಲ ಕೋಣೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ತಮ್ಮನ ಮಕ್ಕಳು ಅಂಗಳದಲ್ಲಿ ಗದ್ದಲ ಹಾಕುತ್ತಿದ್ದವು. ಅವರಿಗೆ ಹೇಳಿಕೊಡುತ್ತೀರೇನು ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ನನ್ನ ಓದಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಹೊರಡುವಾಗ ಮಾತ್ರ, “ನೀಲಿ ಏನಾರ ಓದಾಕತ್ತಾಳೇನು?” ಎಂದರು. ಅವಳ ಸುದ್ದಿಯೇ ನನಗೆ ಗೊತ್ತಿರಲಿಲ್ಲ. ಇಲ್ಲ ಅನಿಸುತ್ತದೆ ಎಂದೆ. ಅವರು ಮತ್ತೆ ಮೊರ ಎತ್ತಿಕೊಂಡರು.

ಅದಾಗಿ ಎಷ್ಟೋ ವರ್ಷಗಳ ಮೇಲೆ ಅಕ್ಕೋರು ತೀರಿಕೊಂಡರು. ಆ ಸುದ್ದಿ ನನಗೆ ತಿಂಗಳುಗಳು ಕಳೆದ ಮೇಲೆ, ಯಾರದೋ ಮದುವೆಯ ಪಂಕ್ತಿಯಲ್ಲಿ ತಿಳಿಯಿತು. ಸಿಂದಗಿಯಲ್ಲಿ ಯಾರೂ ಅದನ್ನು ದೊಡ್ಡದಾಗಿ ಆಡಲಿಲ್ಲ. ಅವರ ಮನೆ ಬಿದ್ದ ಜಾಗದಲ್ಲಿ ಗೊಬ್ಬರ, ಬೀಜದ ಅಂಗಡಿಗಳಾಗಿದ್ದವು. ಹೊಸ ಸಾಲಿಯ ಗೋಡೆಯ ಮೇಲೆ ಗಿರಣಿ ಯಜಮಾನರ ಫೋಟೊಕ್ಕೆ ಹಾರ ಬಿದ್ದಿತ್ತು, ಕೆಳಗೆ ಸ್ಥಾಪಕರು ಎಂದು ಬರೆದಿತ್ತು.

ಅದರ ಮರುವರ್ಷ ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ನೀಲವ್ವ ಸಿಕ್ಕಳು. ಅವಳೇ ನನ್ನ ಗುರುತು ಹಿಡಿದಳು. ಕೂದಲು ಅರ್ಧ ಬೆಳ್ಳಗಾಗಿತ್ತು, ಪಕ್ಕದಲ್ಲಿ ಉಣ್ಣೆಯ ಗಂಟು ಇತ್ತು. ಮಕ್ಕಳು ಮರಿ ಎಲ್ಲವನ್ನೂ ಕೇಳಿದಳು, ಹೇಳಿದಳು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆಂದು ತಿಳಿದಾಗ ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ನೆಲ ನೋಡುತ್ತ, “ಅಕ್ಕೋರು ನನಗ ಕಲಿಸಬಾರದಾಗಿತ್ತವಾ” ಎಂದಳು. “ಏನೂ ತಿಳೀದಿದ್ರ ಕುರಿ ಹಿಂದ ಸುಮ್ಮ ಹೊಕ್ಕಿದ್ನಿ. ತಿಳದ ಮ್ಯಾಲ ಹೋಗೂದ ಬಾಳ ತ್ರಾಸ.” 

ಆಲಮೇಲದ ಬಸ್ಸು ಬಂತು. ಗಂಟು ಏರಿಸಲು ನಾನು ಕೈಹಚ್ಚಿದೆ. ಅವಳು ಕಿಟಕಿಯ ಹತ್ತಿರ ಜಾಗ ಹಿಡಿದು ಕೂತಳು. ಬಸ್ಸು ಇನ್ನೇನು ಹೊರಡಬೇಕು ಎನ್ನುವಾಗ ಕಿಟಕಿಯಿಂದ ಮುಖ ಹೊರಗೆ ಚಾಚಿದಳು.

“ಅಕ್ಕೋರು ಆರಾಮದಾರಲ್ಲ?”

“ಆರಾಮದಾರ” ಎಂದೆ.

ಅವಳ ಮುಖ ಒಂದಿಷ್ಟು ಸಡಿಲಾಯಿತು. ಬಸ್ಸು ಧೂಳೆಬ್ಬಿಸಿ ಹೋಯಿತು. ಆ ಸುಳ್ಳಿಗಾಗಿ ನಾನು ಎಂದೂ ಕೊರಗಿಲ್ಲ. ನಾವೆಲ್ಲ ಸೇರಿ ಆ ಹೆಂಗಸಿಗೆ ಊರಲ್ಲಿ ನಿಲ್ಲಲು ಒಂದು ಮೂಲೆ ಬಿಡಲಿಲ್ಲ. ಭೀಮಾನದಿಯ ದಂಡೆಯ ಮೇಲೆ, ಒಬ್ಬಳ ಮನಸ್ಸಿನಲ್ಲಾದರೂ ಅವರು ಇನ್ನಷ್ಟು ವರ್ಷ ಆರಾಮವಾಗಿ ಇರಲಿ.