ದೊಡ್ಡಕ್ಕನ ಎರಡು ಏಟು

ನಮ್ಮ ಲೇಸರ್ ಕೇಂದ್ರದಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಫಿಟ್ಟರ್ ಕೆಲಸ, ಮಾತಿಗಿಂತ ಕೈ ಮುಂದು. ಆಗದೆ ಇನ್ನೇನು? ಅವಳಪ್ಪ ಊರಿಗೆ ಉಪಕಾರಿ, ಮನೆಗೆ ಮಾರಿ. ಕುಡಿದು ಬಂದು ತಾಯಿಯಿಲ್ಲದ ಇಬ್ಬರು ಮಕ್ಕಳನ್ನೂ ದನಕ್ಕೆ ಬಡಿದ ಹಾಗೆ ಬಡಿಯುತ್ತಿದ್ದ. ಒಂದು ದಿನ ಅವನು ತಮ್ಮನ ಕುತ್ತಿಗೆ ಹಿಸುಕಲು ಹೋದಾಗ ಇವಳು ಸೌದೆ ಎತ್ತಿ ಅವನ ಮೊಣಕೈ ಮುರಿದಳು. ತಮ್ಮನ ಕೈ ಹಿಡಿದು ಮನೆ ಬಿಟ್ಟವಳು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಮದುವೆಯೂ ಆಗಲಿಲ್ಲ. ಅವನನ್ನು ಸಾಕಿ, ಓದಿಸಿ, ಕೊನೆಗೆ ನಮ್ಮಲ್ಲೇ ಕೆಲಸಕ್ಕೆ ಸೇರಿಸಿದಳು.

ನಮ್ಮ ಕೆಲಸವೂ ಒಂಥರಾ ಬಡಿದಾಟವೇ. ಬೆಳಕನ್ನೆಲ್ಲ ಸೂಜಿಮೊನೆಗಿಂತ ಚಿಕ್ಕ ಚುಕ್ಕೆಗೆ ಒತ್ತಿ ತೆಳು ಲೋಹದ ಹಾಳೆಗೆ ಹೊಡೆಯುತ್ತೇವೆ. ಅದರಿಂದ ಸಿಡಿದ ಕಣಗಳು ಹಿಂದಿರುವ ಲಿಥಿಯಂ ಗಟ್ಟಿಗೆ ನುಗ್ಗುತ್ತವೆ. ಅಲ್ಲಿ ಪರಮಾಣುವಿನ ಒಡಲೇ ಒಡೆದು ನ್ಯೂಟ್ರಾನ್‌ಗಳು ಚಿಮ್ಮುತ್ತವೆ. ಸಾಲಾಗಿ ಹೊಡೆತ ಬೀಳುವಾಗ ಯಂತ್ರವಿರುವ ಹಾಲ್‌ನೊಳಗೆ ಸಿಕ್ಕಿಕೊಂಡವನ ಮೈಮೇಲೆ ಗಾಯ ಕಾಣುವುದಿಲ್ಲ, ಒಳಗೊಳಗೇ ಹಾಳಾಗಿಹೋಗುತ್ತಾನೆ.

ಅದಕ್ಕೇ ಕೀ ಪದ್ಧತಿ ಇರುವುದು. ಹಾಲ್‌ಗೆ ಹೋಗುವವರು ಕಂಟ್ರೋಲ್ ರೂಮಿನ ಹಲಗೆಯಿಂದ ತಮ್ಮ ತಮ್ಮ ಕೀ ತೆಗೆದು ಜೇಬಿಗಿಳಿಸಬೇಕು. ಎಲ್ಲ ಕೀ ಹಲಗೆಗೆ ವಾಪಸ್ ಬರುವ ತನಕ ಲೇಸರ್ ಹೊಡೆಯುವುದಿಲ್ಲ. ತಮ್ಮನೋ ಶುದ್ಧ ಮರೆಗುಳಿ. ಕೀ ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಹೋಗಿಬಿಡುತ್ತಿದ್ದ, ಇಡೀ ಕೇಂದ್ರ ಕೈಕಟ್ಟಿ ಕೂರಬೇಕಾಗುತ್ತಿತ್ತು. ಕೇಂದ್ರದ ಸಾಹೇಬರು ರೋಸಿಹೋಗಿ ಅವನ ಕೀಗೆ ಗುಟ್ಟಾಗಿ ಒಂದು ನಕಲು ಮಾಡಿಸಿಕೊಂಡರು, ಅವನು ಮರೆತ ದಿನ ಅದನ್ನೇ ಹಲಗೆಗೆ ಸಿಕ್ಕಿಸಿ ಲೇಸರ್ ಹೊಡೆಸುವುದಕ್ಕೆ. ಎಂಥ ಬುದ್ಧಿವಂತಿಕೆ ನೋಡಿ!

ಒಂದು ಮಧ್ಯಾಹ್ನ, ಇನ್ನೇನು ಲೇಸರ್ ಹೊಡೆಯುತ್ತದೆ ಎಂದು ಎಚ್ಚರಿಸುವ ಸೈರನ್ ಕೂಗುತ್ತಿತ್ತು. ಕ್ರೇನ್ ಓಡಿಸುವ ನಾನೂ ಕಂಟ್ರೋಲ್ ರೂಮಿನಲ್ಲೇ ಇದ್ದೆ. ದೊಡ್ಡಕ್ಕ ಹಲಗೆಯ ಮೇಲೆ ಕಣ್ಣಾಡಿಸಿದವಳು ಹಾಗೇ ನಿಂತಳು. ತಮ್ಮನ ಕೀಗೆ ಅವಳೇ ಕೆಂಪು ಟೇಪ್ ಸುತ್ತಿಕೊಟ್ಟಿದ್ದಳು. ಅದರ ಜಾಗದಲ್ಲಿದ್ದದ್ದು ಟೇಪಿಲ್ಲದ ಹೊಸ ಕೀ. ಹಾಗಾದರೆ ಅವನ ಕೀ ಇನ್ನೂ ಅವನ ಜೇಬಿನಲ್ಲೇ. ಅವನೆಲ್ಲಿ ಎಂದು ಕೇಳಿದಳು. ಎಂದಿನಂತೆ ಮನೆಗೆ ಹೋಗಿರುತ್ತಾನೆ, ಸುಮ್ಮನೆ ಕೂತುಕೋ ಎಂದರು ಸಾಹೇಬರು.

ಯಂತ್ರ ನಿಲ್ಲಿಸುವ ಕೆಂಪು ಗುಂಡಿಗೆ ಅವಳು ಹಾರಿದಳು. ಸಾಹೇಬರು ಅಡ್ಡ ಬಂದು ನೂಕಿದರು. ಅವಳ ಹಣೆ ಬೀರುವಿನ ಅಂಚಿಗೆ ಬಡಿದು ರಕ್ತ ಕಣ್ಣಿಗಿಳಿಯಿತು. ಅವರು ಗುಂಡಿಯನ್ನು ಅಂಗೈಯಿಂದ ಮುಚ್ಚಿ ನಿಂತರು. ಅವಳು ಸ್ಪ್ಯಾನರ್ ಎತ್ತಿದಳು.

"ಕೈ ತೆಗೀರಿ ಸಾರ್. ಒಳಗಿರೋದು ನನ್ನ ತಮ್ಮ."

ತೆಗೆಯಲಿಲ್ಲ. ಸ್ಪ್ಯಾನರ್ ಇಳಿಯಿತು. ಸೈರನ್ ನಡುವೆಯೂ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಪುಣ್ಯಾತ್ಮ ಆಗಲೂ ಹಠ ಬಿಡಲಿಲ್ಲ. ಎರಡನೆಯ ಏಟಿಗೆ ಕೈ ಜಾರಿತು, ರಕ್ತ ಗೋಡೆಗೆ ಚಿಮ್ಮಿತು. ಅವಳು ಮುಷ್ಟಿಯಿಂದಲೇ ಗುಂಡಿ ಗುದ್ದಿದಳು.

ನಾವಿಬ್ಬರೇ ದಪ್ಪ ಬಾಗಿಲು ಎಳೆದು ಒಳಹೊಕ್ಕೆವು. ಸೈರನ್ನೂ ಕೇಳಿಸದ ಹಾಗೆ ಕಿವಿಗೆ ಹತ್ತಿ ತುರುಕಿಕೊಂಡು, ಗುಡುಗುವ ಪಂಪಿನ ಕೆಳಗೆ ಮಲಗಿ ತಮ್ಮ ನಟ್ಟು ಬಿಗಿಯುತ್ತಿದ್ದ. ದೊಡ್ಡಕ್ಕ ಅವನನ್ನು ಕಾಲರ್ ಹಿಡಿದು ಎಳೆದಳು, ತಬ್ಬಿಕೊಂಡೇ ಬೆನ್ನಿಗೆ ಗುದ್ದಿದಳು, ಗುದ್ದುತ್ತಲೇ ಅತ್ತಳು.

ಸಾಹೇಬರ ಬೆರಳುಗಳು ಹೋದವು. ವಿಚಾರಣೆ ನಡೆಯಿತು. ಹೊರಗಿದ್ದೆ ಎಂದರೆ ಕೆಲಸ ಕಾಯಂ, ಒಳಗಿದ್ದೆ ಎಂದರೆ ಮನೆಗೆ ನಡೆ ಎಂದು ಸಾಹೇಬರ ಕಡೆಯವರು ತಮ್ಮನ ಕಿವಿಯಲ್ಲಿ ಮೊದಲೇ ಊದಿದ್ದರು. ಅವನು ಟೇಬಲ್ ನೋಡುತ್ತ ಹೇಳಿದ:

"ನಾನು ಒಳಗೆ ಇರ್ಲೇ ಇಲ್ಲ ಸಾರ್. ಅಕ್ಕನಿಗೆ ಮೊದಲಿಂದ್ಲೂ ಕೈ ಮಾಡೋ ಚಾಳಿ."

ಎಲುಬಿಲ್ಲದ ನಾಲಿಗೆ, ಹೇಗೆ ಹೊರಳಿತು ನೋಡಿ. ಅವನ ಹಲ್ಲು ಉದುರಿಸಬೇಕು ಎನ್ನುವಷ್ಟು ಸಿಟ್ಟು ಬಂತು ನನಗೆ. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವಳ ಕಡೆಯವನು ಎಂದು ನನ್ನ ಮಾತನ್ನು ತಳ್ಳಿಹಾಕಿದರು. ತಮ್ಮ ಹೇಳಿದ್ದು ನಿಜವೇ ಎಂದು ಅವಳನ್ನೇ ಕೇಳಿದರು. ಅಲ್ಲ ಎಂದಿದ್ದರೆ ಅವನ ಅನ್ನ ಹೋಗುತ್ತಿತ್ತು. ಅವನು ಹೇಳಿದ್ದನ್ನೇ ಬರೆದುಕೊಳ್ಳಿ ಎಂದಳು.

ಪೊಲೀಸರು ಕರೆದೊಯ್ಯುವಾಗ ಅವನು ಅಳುತ್ತ ಅಕ್ಕಾ ಎಂದು ಅಡ್ಡ ಬಂದ. ಅವಳು ಕೊಟ್ಟ ಏಟಿಗೆ ತುಟಿ ಒಡೆದು ಗೋಡೆಗೆ ಹೋಗಿ ಬಿದ್ದ.

"ಸತ್ತಿದ್ರೆ ಅತ್ತು ಮುಗಿಸ್ತಿದ್ದೆ ಕಣೋ," ಎಂದಳು. "ಬದುಕಿದ್ದೀಯಲ್ಲ, ಈಗ ನಾನೇನು ಮಾಡ್ಲಿ?"