ಮೊಳಕ್ಕೊಂದು ಬೆರಳಿನ ಕಪಿಲೆ

ಆಗ ನನಗೆ ಅರವತ್ತೆಂಟು. ಅದಾಗಿ ಈಗ ಮೂರು ವರ್ಷ. ಪುಟ್ಟ ಕಪಿಲೆ ಮಾಡಿ ಮಧುಗಿರಿಯಲ್ಲಿ ನೀರೆತ್ತಿ ತೋರಿಸಿದ ಮೇಲೆ, ಹೇಗೆ ಮಾಡಿದೆ ಅಂತ ಕೇಳಿಕೊಂಡು ಎಷ್ಟೋ ಜನ ಬಂದರು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ನಾನು ಮೂರನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಕುರಿ ಹಿಂದೆ ಹೋದವಳು, ಬರೆಯುವುದು ನಿಧಾನ. ಆದರೂ ಒಂದು ಸಲ ಬರೆದಿಟ್ಟರೆ ಮತ್ತೆ ಮತ್ತೆ ಹೇಳುವುದು ತಪ್ಪುತ್ತದೆ.

ಕಪಿಲೆ ಕಾಣದವರಿಗೆ ಮೊದಲು ಅದೇನೆಂದು ಹೇಳಬೇಕು. ಪಂಪ್‌ಸೆಟ್ಟು ಬರುವ ಮೊದಲು ನಮ್ಮ ಕಡೆ ಬಾವಿಯಿಂದ ಹೊಲಕ್ಕೆ ನೀರೆತ್ತುತ್ತಿದ್ದುದು ಎತ್ತುಗಳಿಂದ. ಬಾವಿಯ ಅಂಚಿಗೆ ಎರಡು ಕಲ್ಲುಕಂಬ, ಅವುಗಳ ಮೇಲೆ ರಾಟೆ, ಕೆಳಗೆ ಉರುಳುವ ಮರದ ದಿಂಡು. ನೀರು ತುಂಬುವುದಕ್ಕೆ ಬಾನಿ. ಬಾನಿಯ ತಳಕ್ಕೆ ಆನೆಯ ಸೊಂಡಿಲಿನಂಥ ತೊಗಲಿನ ಕೊಳವೆ, ಅದಕ್ಕೆ ಸೊಂಡಿಲು ಅಂತಲೇ ಹೆಸರು. ಬಾನಿಗೆ ಕಟ್ಟಿದ ದಪ್ಪ ಹಗ್ಗ ರಾಟೆಯ ಮೇಲೆ, ಸೊಂಡಿಲಿನ ತುದಿಗೆ ಕಟ್ಟಿದ ಸಣ್ಣ ಹಗ್ಗ ದಿಂಡಿನ ಮೇಲೆ. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಬಾನಿ ಏರುತ್ತದೆ, ಸೊಂಡಿಲು ಬಾಯಿ ಮೇಲೆ ಮಾಡಿಕೊಂಡು ಪಕ್ಕದಲ್ಲೇ ಬರುತ್ತದೆ. ಅಂಚಿಗೆ ಬಂದ ಕೂಡಲೇ ಸೊಂಡಿಲು ದಿಂಡಿನ ಮೇಲೆ ಮಗುಚಿ, ನೀರು ದಬದಬ ಅಂತ ತೊಟ್ಟಿಗೆ ಬೀಳುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ಕಪಿಲೆ ಹೊಡೆದಿದ್ದೇನೆ, ಹಗ್ಗದ ಮೇಲೆ ಕೂತು ಇಳಿಜಾರಿನಲ್ಲಿ ಜಾರಿದ್ದೇನೆ.

ಮಧುಗಿರಿಯ ಒಂದು ಕಚೇರಿಯವರು ಹಳೇ ಬೇಸಾಯದ ಸಾಮಾನುಗಳಿಗೆ ಒಂದು ಕೋಣೆ ಮಾಡುತ್ತಿದ್ದರು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಮಹಿಳಾ ಸಂಘಗಳು ಪುಟ್ಟ ಪುಟ್ಟ ಮಾದರಿ ಮಾಡಿ ತರಬೇಕು, ಕೆಲಸ ಮಾಡುವ ಮಾದರಿಗೆ ಮಾತ್ರ ಕೋಣೆಯಲ್ಲಿ ಜಾಗ ಅಂತ ಹೇಳಿಕಳಿಸಿದರು. ನಮ್ಮ ಸಂಘಕ್ಕೆ ಬಂದದ್ದು ಕಪಿಲೆ. ಸಂಘದ ಅಧ್ಯಕ್ಷೆ ಚಿಕ್ಕ ವಯಸ್ಸಿನವಳು, ಚುರುಕು. ಜಮಖಾನ ಹಾಸಿ ಮೀಟಿಂಗಿಗೆ ಕೂತಾಗ ಅವಳೇ ಮೊದಲು ಮಾತು ತೆಗೆದಳು.

"ಸಿರಾದಾಗೆ ಬಣ್ಣ ಬಳ್ದಿರೋ ಕಪಿಲೆ ಗೊಂಬೆ ಸಿಕ್ತೈತೆ ದೊಡ್ಡಮ್ಮ. ತಂದು ಇಟ್ಬುಟ್ರೆ ಆಯ್ತು" ಅಂದಳು.

"ಅದ್ರಾಗೆ ನೀರು ಬತ್ತೈತಾ?"

"ಗೊಂಬೇಲಿ ಎಲ್ಲಿ ಬತ್ತೈತೆ ನೀರು?"

"ಅಂಗಾದ್ರೆ ಅದು ಕಪಿಲೆ ಅಲ್ಲ ಬುಡು. ನಾನು ಮಾಡ್ತೀನಿ. ನೀರೆತ್ತಿ ತೋರುಸ್ತೀನಿ."

"ಬರ್ನಿಲ್ಲ ಅಂದ್ರೆ?"

"ಬರ್ನಿಲ್ಲ ಅಂದ್ರೆ ಈ ಜಮಖಾನದ ಮ್ಯಾಲೆ ಇನ್ನು ಕುಂತ್ಕಣಲ್ಲ. ಸಂಘದಾಗೆ ಬಾಯೂ ಬುಡಲ್ಲ."

ಹಿಂದಿನಿಂದ ನನ್ನ ವಾರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ, ಕಿಸಕ್ಕನೆ ನಕ್ಕಳು. "ಅಕ್ಕ ಬಾಯಿ ಬುಡ್ದಂಗೆ ಇರಾದಾ? ನೀರು ಬರ್ದೇ ಇರ್ಲಿ ಅಂತ ಮಾರಮ್ಮಂಗೆ ನಾನೇ ಹರಕೆ ಹೊತ್ಕಂತೀನಿ!"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮನೆಯಲ್ಲಿ ನಾನು ಏನು ಹೇಳಿದರೂ ಟಿ.ವಿ. ಸದ್ದಿನಲ್ಲಿ ಮುಳುಗಿಹೋಗುತ್ತದೆ. ನಾಲ್ಕು ಜನ ನನ್ನ ಮಾತು ಕೇಳುತ್ತಿದ್ದುದು ಆ ಜಮಖಾನದ ಮೇಲೆ ಮಾತ್ರ. ಅದನ್ನೇ ಪಣಕ್ಕಿಟ್ಟು ಬಂದಿದ್ದೆ.

ಮಾದರಿ ಮಾಡುವುದಕ್ಕೆ ಮೊದಲು ಬೇಕಾದದ್ದು ಅಳತೆ, ಸಾಮಾನಲ್ಲ. ನನ್ನ ಲೆಕ್ಕ ಸುಲಭ. ಮೊಳಕ್ಕೆ ಇಪ್ಪತ್ತನಾಲ್ಕು ಬೆರಳು ಅಂತ ಹಿಂದಿನವರು ಹೇಳುತ್ತಿದ್ದರು. ನೆಲದ ಮೇಲೆ ಒಂದು ಮೊಳ ಇದ್ದದ್ದು ಮಾದರಿಯಲ್ಲಿ ಒಂದು ಬೆರಳಿನ ಅಗಲ. ಟೇಪು ಬೇಡ, ಭಾಗಾಕಾರ ಬೇಡ. ಕೈ ನಮ್ಮ ಹತ್ತಿರವೇ ಇರುತ್ತದೆ.

ನಮ್ಮ ಹಳೇ ಬಾವಿಯ ಕಪಿಲೆ ಕಲ್ಲುಗಳು ಇನ್ನೂ ಹಾಗೇ ಇವೆ. ವಾರಗಿತ್ತಿ ನಗುತ್ತಿದ್ದರೂ ಜೊತೆಗೆ ಬಂದಳು. ನನಗೆ ಮಂಡಿ ನೋವು, ಅವಳು ಉದ್ದದ ಹೆಂಗಸು. ಬಾವಿಯ ಮೆಟ್ಟಿಲು ಇಳಿದು ಆಳವನ್ನು, ಕಂಬದ ಎತ್ತರವನ್ನು ಅವಳು ಮೊಳ ಹಾಕಿದಳು. ಎತ್ತು ನಡೆಯುವ ಇಳಿಜಾರು, ತೊಟ್ಟಿ, ಕಾಲುವೆ ನಾನು ಮೊಳ ಹಾಕಿದೆ. ಮನೆಗೆ ಬಂದು ಕೆಲಸಕ್ಕೆ ಕೂತೆ.

ಮರಕ್ಕೆ ಒಣಗಿದ ಕತ್ತಾಳೆ ದಿಂಡು ತಂದೆ. ಕತ್ತಾಳೆ ಹೂಬಿಟ್ಟು ಒಣಗಿದ ಮೇಲೆ ನಿಲ್ಲುವ ಆ ಉದ್ದನೆ ಕೋಲು ಹತ್ತಿಯಷ್ಟು ಹಗುರ, ಈಳಿಗೆಮಣೆಯಲ್ಲೇ ಹೆಚ್ಚಬಹುದು. ಹಸಿಯದು ಬೇಡ, ಒಣಗಿದಾಗ ಸೊಟ್ಟಗಾಗುತ್ತದೆ. ಹಗ್ಗಕ್ಕೆ ಕತ್ತಾಳೆ ನಾರನ್ನೇ ತೊಡೆಯ ಮೇಲೆ ಹೊಸೆದೆ. ಅಂಗಡಿ ದಾರ ಹಾಕಬೇಡಿ, ದಾರದಂತೆಯೇ ಕಾಣುತ್ತದೆ, ಹಗ್ಗದಂತೆ ಕಾಣುವುದಿಲ್ಲ. ಕಲ್ಲುಕಂಬಕ್ಕೆ ಬಳಪದ ಕಲ್ಲು, ಅಡುಗೆಮನೆ ಚಾಕುವಿಗೇ ಬಗ್ಗುತ್ತದೆ. ಇಳಿಜಾರಿಗೆ ಹುತ್ತದ ಮಣ್ಣು, ಸಗಣಿ, ಸಣ್ಣಗೆ ಕತ್ತರಿಸಿದ ರಾಗಿ ಹುಲ್ಲು. ಹುಲ್ಲಿಲ್ಲದಿದ್ದರೆ ಮಣ್ಣು ಬಿರಿಯುತ್ತದೆ. ಬಿಸಿಲಿಗಿಟ್ಟರೂ ಬಿರಿಯುತ್ತದೆ, ನೆರಳಲ್ಲೇ ಒಣಗಬೇಕು. ಬಾವಿಯ ಒಂದು ಪಕ್ಕವನ್ನು ಕುಂಬಳಕಾಯಿ ಹೋಳು ತೆಗೆದಂತೆ ತೆಗೆದುಬಿಟ್ಟೆ, ಒಳಗೆ ಬಾನಿ ಏರುವುದು ಕಾಣಲಿ ಅಂತ. ತಳದಲ್ಲಿ ನೀರು ನಿಲ್ಲುವುದಕ್ಕೆ ಒಂದು ಬಟ್ಟಲು. ಅಂಟಿನ ವಿಷಯದಲ್ಲಿ ಹುಷಾರು. ಹುಣಸೆಬೀಜದ ಅಂಟು ಗಟ್ಟಿ, ಆದರೆ ನೀರು ತಾಗಿದರೆ ಬಿಡುತ್ತದೆ. ನೀರಿರುವ ಕಡೆ ಅರಗು ಕಾಯಿಸಿ ಹಾಕಬೇಕು.

ಬಾನಿಗೆ ಟಾನಿಕ್ ಬಾಟಲಿಯ ಮುಚ್ಚಳ, ತಳಕ್ಕೆ ಕಾದ ದಬ್ಬಳದಲ್ಲಿ ತೂತು. ಎತ್ತುಗಳನ್ನೂ ಕತ್ತಾಳೆ ದಿಂಡಿನಲ್ಲೇ ಕೆತ್ತಿದೆ. ಹಗುರ ಎತ್ತು ಎಳೆಯುವುದಿಲ್ಲ. ಹೊಟ್ಟೆ ಕೊರೆದು ಸೈಕಲ್ ಬೇರಿಂಗಿನ ಗುಂಡು ತುಂಬಿ, ಕಾಲ ಕೆಳಗೆ ಅಂಗಿ ಗುಂಡಿಗಳ ಚಕ್ರ ಕೂರಿಸಿದೆ. ಕೈ ಬಿಟ್ಟರೆ ತಾವೇ ಇಳಿಜಾರಿನಲ್ಲಿ ಇಳಿಯುತ್ತಿದ್ದವು.

ಎಲ್ಲ ಆಯಿತು ಅಂತ ವಾರಗಿತ್ತಿಯನ್ನು ಕರೆದು ಕೈ ಬಿಟ್ಟೆ. ಎತ್ತುಗಳು ಇನ್ನೂ ಇಳಿಜಾರಿನ ತುದಿ ಮುಟ್ಟಿರಲಿಲ್ಲ, ಬಾನಿ ಹೋಗಿ ಟಕ್ ಅಂತ ರಾಟೆಗೆ ಗುದ್ದಿತು. ನೀರೆಲ್ಲ ವಾಪಸ್ಸು ಬಾವಿಗೆ.

"ಎತ್ತು ಸುಸ್ತಾಗೋದ್ವೇನಕ್ಕ? ಹುರುಳಿ ಬೇಯ್ಸಿ ಹಾಕು" ಅಂದಳು.

"ಸುಮ್ನಿರೇ!"

ಹಗ್ಗ ಗಿಡ್ಡ ಮಾಡಿದೆ, ಉದ್ದ ಮಾಡಿದೆ. ಇಳಿಜಾರು ಕೆತ್ತಿದೆ, ಮತ್ತೆ ಮೆತ್ತಿದೆ. ಒಂದು ಸರಿಯಾದರೆ ಇನ್ನೊಂದು ಕೆಡುತ್ತಿತ್ತು. ದಿನಗಟ್ಟಲೆ ಹೀಗೇ ಆಯಿತು. ಒಂದು ಮಧ್ಯಾಹ್ನ ಅವಳು ಹೂ ತಗೊಂಡು ಬಂದಳು. ಸಂತೆಯಲ್ಲಿ ಹೂವಿನವಳ ಕೈಯಲ್ಲಿ ಅಳೆಸಿಕೊಂಡು ಬಂದ ಎರಡು ಮೊಳ ಕನಕಾಂಬರ. ಅವಳು ತನ್ನ ಕೈಗೆ ಹಿಡಿದು, "ನೋಡಕ್ಕ, ಒಂದೂಮುಕ್ಕಾಲು ಮೊಳಾನೇ ಐತೆ, ಎಂಥ ಮೋಸ" ಅಂತ ಬೈಯುತ್ತಿದ್ದಳು. ನಾನು ಅದೇ ಹೂವನ್ನು ನನ್ನ ಕೈಗೆ ಹಿಡಿದೆ. ಸರಿಯಾಗಿ ಎರಡು ಮೊಳ.

"ಲೇ, ಎದ್ದೇಳೇ" ಅಂದೆ. "ಕೈ ಚಾಚು."

ಅವಳ ಮೊಣಕೈಗೆ ನನ್ನ ಮೊಣಕೈ ಕೂಡಿಸಿ ನೋಡಿದೆ. ಅವಳ ಬೆರಳು ನನ್ನದನ್ನು ದಾಟಿ ಎಲ್ಲೋ ಹೋಗಿತ್ತು. ಅವಳ ಮೊಳ ಉದ್ದ, ಹಾಗಾಗಿ ಬಾವಿಗೆ ಕಡಿಮೆ ಮೊಳ ಬಂದಿದ್ದವು. ಅದಕ್ಕೆ ನಾನು ನನ್ನ ಸಣ್ಣ ಬೆರಳು ಹಾಕಿ, ಬಾವಿಯನ್ನೂ ಕಂಬವನ್ನೂ ಗಿಡ್ಡ ಮಾಡಿಟ್ಟಿದ್ದೆ. ಬಾವಿ ಅವಳದು, ಇಳಿಜಾರು ನನ್ನದು. ಎರಡು ಮನೆಯ ಅಳತೆ ಒಂದು ಹಲಗೆಯ ಮೇಲೆ ಕೂತಿತ್ತು.

"ನಿನ್ನ ಉದ್ದ ಕೈಯಿಂದ ಕೆಟ್ಟಿದ್ದು ಕಣೇ."

"ನೀನು ಕುಳ್ಳಿ ಆದ್ರೆ ನಾನೇನ್ ಮಾಡ್ಲಿ?"

ಹೊಸದಾಗಿ ಮಾಡುವವರಿಗೆ ನಾನು ಹೇಳುವ ಮೊದಲ ಮಾತು ಇದೇ. ಅಳೆಯುವ ಮೈ ಒಂದೇ ಇರಬೇಕು. ಯಾರ ಮೊಳವೋ ಅವರದೇ ಬೆರಳು. ಕುಳ್ಳಿಯಾದರೂ ಚಿಂತೆಯಿಲ್ಲ, ಉದ್ದದವಳಾದರೂ ಚಿಂತೆಯಿಲ್ಲ, ಬೆರಕೆ ಆಗಬಾರದು. ನನ್ನ ಮೊಳಕ್ಕೊಂದು ಗಂಟು ಹಾಕಿದ ಹುರಿ ಮಾಡಿ ಅವಳ ಕೈಗೆ ಕೊಟ್ಟೆ. ಅವಳು ಮತ್ತೆ ಬಾವಿಗಿಳಿದಳು. ಬಾವಿ, ಕಂಬ ಎರಡನ್ನೂ ಒಡೆದು ಮೊದಲಿಂದ ಮಾಡಿದೆ. ಈ ಸಲ ಎತ್ತು ಇಳಿಜಾರಿನ ತುದಿ ಮುಟ್ಟುವುದಕ್ಕೂ ಬಾನಿ ಮೇಲೆ ಬರುವುದಕ್ಕೂ ಸರಿಹೋಯಿತು.

ಆದರೆ ನೀರು ಬೀಳಲಿಲ್ಲ. ಸೊಂಡಿಲಿಗೆ ನಾನು ಹಳೇ ಚಪ್ಪಲಿಯ ತೊಗಲು ಹಾಕಿದ್ದೆ, ಅದು ಕೋಲಿನಂತೆ ಸೆಟೆದು ನಿಂತಿತು. ಬಲೂನು ಹಾಕಿದೆ, ಒಳಗೆ ಅಂಟಿಕೊಂಡಿತು. ಯೋಚನೆ ಮಾಡಿದಾಗ ತಿಳಿಯಿತು. ಮರವನ್ನೂ ಕಲ್ಲನ್ನೂ ಚಿಕ್ಕದು ಮಾಡಬಹುದು, ನೀರನ್ನು ಚಿಕ್ಕದು ಮಾಡುವುದಕ್ಕೆ ಆಗುವುದಿಲ್ಲ. ಇಡೀ ಬಾನಿಗೆ ಬರುವುದು ಒಂದು ಚಮಚ ನೀರು, ಅದು ಸಣ್ಣ ಕೊಳವೆಯಲ್ಲಿ ಹನಿಯಾಗಿ ಕೂತುಬಿಡುತ್ತದೆ. ನೀರು ಹರಿಯುವ ಕಡೆ ಅಳತೆಯನ್ನು ಬಿಡಬೇಕು. ಸೊಂಡಿಲನ್ನು ಅರ್ಧ ಬೆರಳು ಅಗಲ ಮಾಡಿದೆ. ಹಬ್ಬಕ್ಕೆ ಕುರಿ ಕೊಯ್ದ ಮನೆಯಿಂದ ಅದರ ಉಚ್ಚೆಚೀಲ ಇಸಕೊಂಡು ಬಂದೆ. ಚಿಕ್ಕಂದಿನಲ್ಲಿ ನಾವು ಊದಿ ಆಡುತ್ತಿದ್ದುದು ಅದನ್ನೇ. ನೆನೆದರೆ ರೇಷ್ಮೆಯಂತೆ ಬಗ್ಗುತ್ತದೆ. ಒಳಗೆ ಅಂಟುವಾಳದ ನೊರೆ ಸವರಿದೆ, ನೀರು ಅಂಟದೆ ಜಾರಲಿ ಅಂತ. ಮನೆಯಲ್ಲಿ ನೀರು ಬಿತ್ತು. ವಾರಗಿತ್ತಿ ತೊಟ್ಟಿಗೆ ಬೆರಳದ್ದಿ ನೋಡಿದಳು. ಆಮೇಲೆ, "ಮಾರಮ್ಮಂಗೆ ಇನ್ನೂ ಹರಕೆ ಹೊತ್ಕಂಡಿಲ್ಲ ಬುಡಕ್ಕ" ಅಂದಳು.

ಬಸ್ಸಿನಲ್ಲಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರ್ ಬಗ್ಗಿ ನೋಡಿದ. "ಏನಜ್ಜಿ ಇದು, ಗುಡಿನಾ?"

"ಬಾವಿ ಕಣಪ್ಪ."

"ಬಾವೀನೇ ಹೊತ್ಕಂಡು ಹೊಂಟ್ಯಾ? ನೀರು ಚೆಲ್ಬ್ಯಾಡ ಮತ್ತೆ."

ಮಧುಗಿರಿಯಲ್ಲಿ ಆ ದಿನ ಬೆಟ್ಟದ ಬಂಡೆಯ ಕಾವು ಊರಿಗೆಲ್ಲ ಬಡಿಯುತ್ತಿತ್ತು. ಕಚೇರಿಯ ಹಾಲ್‌ನಲ್ಲಿ ಸಾಲಾಗಿ ಮೇಜುಗಳು. ಕೊರಟಗೆರೆಯವರು ಏತ ತಂದಿದ್ದರು, ಚೆನ್ನಾಗಿತ್ತು. ಸಿರಾದವರದು ಎಣ್ಣೆ ಗಾಣ. ಪಾವಗಡದವರದು ರೊಪ್ಪ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿ, ಅದರ ಬಾಗಿಲು ತೆಗೆದು ಹಾಕಬಹುದಿತ್ತು. ಅಲ್ಲಿಯ ಒಬ್ಬ ಹೆಂಗಸು ನಮ್ಮ ಬಾವಿಗೆ ಬಗ್ಗಿ, "ಏಮಮ್ಮಾ, ನಿಜಂಗಾ ನೀಳ್ಳು ವಸ್ತಾಯಾ?" ಅಂದಳು. ನಿಜವಾಗಿಯೂ ನೀರು ಬರುತ್ತದೆ, ನೋಡುತ್ತಿರು ಅಂದೆ. ಹಾಗಂದು ಸೊಂಡಿಲು ಮುಟ್ಟಿದರೆ, ದಾರಿಯ ಬಿಸಿಗೆ ಒಣಗಿ ಹಪ್ಪಳವಾಗಿತ್ತು.

ಒಂದೊಂದೇ ಮಾದರಿ ನೋಡಿಕೊಂಡು ಬರುತ್ತಿದ್ದ ಕಚೇರಿಯ ಮೇಡಂ ಎರಡು ಮೇಜಿನ ಆಚೆ ಬಂದುಬಿಟ್ಟಿದ್ದರು. ತಣ್ಣೀರಿಗೆ ಅದು ಬೇಗ ಬಗ್ಗುವುದಿಲ್ಲ, ಬೆಚ್ಚಗಿನದು ಬೇಕು. ಬಿಸಿನೀರು ಎಲ್ಲಿ ತರಲಿ? ಹಗ್ಗ ಬಿಚ್ಚಿ, ಸೊಂಡಿಲನ್ನು ಬಾನಿ ಸಮೇತ ಬಾಯಿಗೆ ಹಾಕಿಕೊಂಡು ದವಡೆಗೆ ಒತ್ತರಿಸಿದೆ. ಅಧ್ಯಕ್ಷೆ ಮುಖ ಕಿವುಚಿದಳು. ಅದು ಏನೆಂದು ಅವಳಿಗೆ ಗೊತ್ತಿತ್ತು.

ಮೇಡಂ ಬಂದು ನಿಂತರು. "ಅಜ್ಜಿ, ಇದನ್ನ ನೀವೇ ಮಾಡಿದ್ರಾ?"

ನಾನು ತಲೆ ಆಡಿಸಿದೆ.

"ಎಷ್ಟು ದಿನ ಹಿಡೀತು?"

ಮತ್ತೆ ತಲೆ ಆಡಿಸಿದೆ.

"ಎಲೆ ಅಡ್ಕೆ ಹಾಕ್ಕಂಡವ್ಳೆ ಮೇಡಂ" ಅಂತ ವಾರಗಿತ್ತಿ ಮುಂದೆ ಬಂದಳು. "ನಾನು ಹೇಳ್ತೀನಿ ಕೇಳ್ರಿ. ಬಾವಿ ಅಳ್ದಿದ್ದು ನಾನು. ಇವ್ಳು ಕುಳ್ಳಿ, ಮಂಡಿ ನೋವು ಬ್ಯಾರೆ. ಇವ್ಳು ಇಳ್ದಿದ್ರೆ ನಾವು ಕಪಿಲೇಲೇ ಎತ್ತಬೇಕಿತ್ತು." ಮೇಡಂ ನಕ್ಕರು. ಅವಳು ಬಿಡಲಿಲ್ಲ. ನಮ್ಮ ಮಾವನ ಕಾಲದ ಎತ್ತುಗಳ ಕೊಂಬಿನಿಂದ ಹಿಡಿದು ನನ್ನ ಗಂಡನ ಮುಂಗೋಪದವರೆಗೆ ಎಲ್ಲ ಹೇಳಿದಳು. ನನ್ನ ಬಗ್ಗೆ ಅಷ್ಟು ಸುಳ್ಳು ಹೇಳುವಾಗ ಅವಳಿಗೆ ಉತ್ತರ ಕೊಡದೆ ನಾನು ನಿಂತದ್ದು ಅದೊಂದೇ ಸಲ.

ನಾಲಿಗೆಗೆ ಮೆತ್ತಗಾದದ್ದು ತಿಳಿಯಿತು. ಆ ಕಡೆ ತಿರುಗಿ ಉಗಿದು, ಒರೆಸಿ, ಅಂಟುವಾಳ ಸವರಿ, ಎರಡು ಹಗ್ಗವನ್ನೂ ಕಟ್ಟಿದೆ. ಬಾನಿಯನ್ನು ಬಾವಿಗಿಳಿಸಿದೆ.

"ಎಲ್ರೂ ಸುಮ್ಕಿರ್ರಿ" ಅಂದೆ. ಎತ್ತುಗಳ ಮೇಲಿನ ಕೈ ತೆಗೆದೆ.

ಇಳಿದವು. ಒಂದು ಕಡೆಯೂ ತಡವರಿಸಲಿಲ್ಲ. ಬಾನಿ ತುಂಬಿಕೊಂಡು ಏರಿತು, ಸೊಂಡಿಲು ಬಾಯಿ ಎತ್ತಿಕೊಂಡು ಪಕ್ಕದಲ್ಲೇ ಬಂತು. ಅಂಚಿಗೆ ಬಂದು ದಿಂಡಿನ ಮೇಲೆ ಮಗುಚಿತು. ಒಂದು ಚಮಚ ನೀರು ತೊಟ್ಟಿಗೆ ಬಿದ್ದು, ಕಾಲುವೆಯಲ್ಲಿ ಹರಿದು, ಹಲಗೆಯ ಅಂಚಿನಿಂದ ಮೇಡಂ ಸೀರೆಯ ಮೇಲೆ ತೊಟ್ಟಿಕ್ಕಿತು.

"ವಚ್ಚಾಯಿ! ವಚ್ಚಾಯಿ!" ಬಂತು ಬಂತು ಅಂತ ಪಾವಗಡದವಳು ತೆಲುಗಿನಲ್ಲಿ ಕೂಗಿದಳು. ಗಾಣದವರು, ಏತದವರು ಮೇಜು ಬಿಟ್ಟು ಓಡಿ ಬಂದರು. ನಮ್ಮ ಅಧ್ಯಕ್ಷೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಳು, "ನಮ್ ದೊಡ್ಡಮ್ಮ! ನಮ್ ದೊಡ್ಡಮ್ಮ!" ಅಂತ ಸಿಕ್ಕಿದವರಿಗೆಲ್ಲ ತೋರಿಸಿದಳು. ಮೇಡಂ ಸೀರೆ ಒರೆಸಿಕೊಳ್ಳದೆ, "ಇನ್ನೊಂದು ಸಲ ಅಜ್ಜಿ" ಅಂದರು. ಎತ್ತುಗಳನ್ನು ಹಿಮ್ಮೆಟ್ಟಿಸಿ ಮತ್ತೆ ಬಿಟ್ಟೆ. ಮತ್ತೆ ಬಿತ್ತು. ಬೇಕೆಂದಷ್ಟು ಸಲ ಬಿತ್ತು. ಸಂಜೆಗೆ ಕೋಣೆಯ ನಟ್ಟನಡುವಿನ ಮೇಜು ನಮಗೆ ಅಂತ ಹೇಳಿದರು. ಏತಕ್ಕೂ ಗಾಣಕ್ಕೂ ರೊಪ್ಪಕ್ಕೂ ಪಕ್ಕದಲ್ಲಿ ಜಾಗ ಸಿಕ್ಕಿತು.

ವಾಪಸ್ಸು ಬರುವಾಗ ಅಧ್ಯಕ್ಷೆ ನನಗೆ ಕಿಟಕಿ ಸೀಟು ಬಿಟ್ಟುಕೊಟ್ಟಳು. "ದೊಡ್ಡಮ್ಮ, ಮುಂದಿನ ಮೀಟಿಂಗ್‌ನಾಗೆ ನೀನೇ ಮೊದ್ಲು ಮಾತಾಡ್ಬೇಕು" ಅಂದಳು.

"ಮೊದ್ಲೂ ಮಾತಾಡ್ತೀನಿ, ಕೊನೇಗೂ ಮಾತಾಡ್ತೀನಿ" ಅಂದೆ.

ಮನೆಗೆ ಬಂದು ಮುದ್ದೆ ನುಂಗುವಾಗ ನೆನಪಾಯಿತು. ಸೊಂಡಿಲಿನಲ್ಲಿ ನೀರು ಹಾಗೇ ಬಿಟ್ಟು ಬಂದಿದ್ದೆ. ಅದು ಎಷ್ಟಾದರೂ ಕುರಿಯದು, ನೆನೆದುಕೊಂಡೇ ಇದ್ದರೆ ನಾರುತ್ತದೆ. ಅದರ ಮರ್ಮ ಕಚೇರಿಯವರಿಗೆ ಹೇಗೆ ಗೊತ್ತಾಗಬೇಕು? ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೇ ಮಧುಗಿರಿಗೆ ಹೋದೆ. ಕೋಣೆಯ ಬೀಗ ತೆಗೆಸಿ, ನೀರು ಚೆಲ್ಲಿ, ಸೊಂಡಿಲಿಗೆ ಅರಿಶಿನ ಸವರಿ, ಗಾಳಿಯಾಡಲಿ ಅಂತ ಕಚೇರಿಯ ಕಿಟಕಿ ಸರಳಿಗೆ ನೇತುಹಾಕಿದೆ.