ಜಾಬ್ ಕಾರ್ಡಿನಲ್ಲಿ ಬರೆದದ್ದು

ಪುಣೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ನಮ್ಮಂಥವರ ಬುದ್ಧಿ ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ. ಬಸ್ಸಿನಲ್ಲೋ ಆಸ್ಪತ್ರೆಯ ಸಾಲಿನಲ್ಲೋ ಯಾರಾದರೂ ‘ಹೌದ್ರಿ’ ಅಂದರೆ ಸಾಕು, ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿ ಐದು ನಿಮಿಷದಲ್ಲಿ ಅವನನ್ನು ನಮ್ಮವನನ್ನಾಗಿ ಮಾಡಿಕೊಂಡುಬಿಡುತ್ತೇವೆ. ನನ್ನ ಕಾರಿನ ಕೇಸು ಹಾಳಾದದ್ದು ಇದರಿಂದ. ಕೇಸೊಂದೇ ಹಾಳಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಕಾರು ತಂದದ್ದು ನನ್ನ ಹೆಂಡತಿಗಾಗಿ. ಅವಳು ಕಾತ್ರಜದಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಾಳೆ. ನಮ್ಮ ಮನೆ ಊರಿನ ಇನ್ನೊಂದು ತುದಿಯಲ್ಲಿ. ಎರಡು ಬಸ್ಸು ಬದಲಿಸಬೇಕು. ನಲವತ್ತೇಳನೆಯ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿ, ಕಾಲೇಜು ಹುಡುಗಿಯರ ನಡುವೆ ಕೂತು ಕಲಿತು, ಮೊದಲ ಪರೀಕ್ಷೆಯಲ್ಲೇ ಲೈಸೆನ್ಸು ತಂದಳು. ಹೊಸ ಗಾಡಿಯನ್ನು ಜೇಜುರಿಯ ಗುಡಿಗೆ ಒಯ್ದು ಭಂಡಾರದ ಅರಿಸಿನ ಹಚ್ಚಿಸುವುದು ನಮ್ಮ ಮನೆಯ ರೂಢಿ. ಹೋಗುವಾಗಲೂ ಬರುವಾಗಲೂ ಅವಳೇ ನಡೆಸಿದಳು. ಪಕ್ಕದಲ್ಲಿ ಕೂತ ನಾನು ದಾರಿಯುದ್ದಕ್ಕೂ ಇಲ್ಲದ ಬ್ರೇಕು ತುಳಿಯುತ್ತಿದ್ದೆ.

ಮೂರನೆಯ ವಾರ ಅವಳೊಬ್ಬಳೇ ಹೋಗುವಾಗ ಕಾತ್ರಜದ ಚೌಕದಲ್ಲಿ, ನಿಧಾನ ಮಾಡಿದ ಹೊತ್ತಿಗೆ, ಇಂಜಿನ್ನು ತಾನಾಗಿಯೇ ನಿಂತಿತು. ಹಿಂದೆ ಸಾತಾರಾ ಕಡೆಗೆ ಹೋಗುವ ಬಸ್ಸುಗಳ ಹಾರ್ನು. ಒಬ್ಬ ಕಿಟಕಿಗೆ ಬಡಿದು, ಬಾರದಿದ್ದರೆ ಯಾಕೆ ಓಡಿಸುತ್ತೀರಿ ಎಂದು ಮರಾಠಿಯಲ್ಲಿ ಬೈದನಂತೆ. ಅದೇ ವಾರ ಇನ್ನೆರಡು ಸಲ ಹಾಗೆಯೇ ಆಯಿತು. ‘ನಾ ಏನೂ ತಪ್ಪ ಮಾಡಿಲ್ರಿ, ತಾನ ಬಂದ್ ಆಗ್ತದ,’ ಎಂದಳು. ನಾನು ಹೂಂ ಅಂದೆ. ಆ ಹೂಂ ಎಂಥದ್ದೆಂದು ಗಂಡಸರಿಗೆಲ್ಲ ಗೊತ್ತು.

ವರ್ಕ್‌ಶಾಪಿನಲ್ಲಿ ದೂರು ಬರೆದುಕೊಳ್ಳುವವನು ಜಮಖಂಡಿ ಕಡೆಯವನು, ನಲವತ್ತು ದಾಟಿದವನು. ನನ್ನ ಮರಾಠಿ ಕೇಳಿ ನಕ್ಕು, ‘ನಮ್ಮ ಕಡೆಯವರ ಅದೀರಿ ಬಿಡ್ರಿ ಸರ,’ ಅಂದ. ಅಷ್ಟೇ, ನಾನು ಕರಗಿದೆ. ಚಹಾ ಬಂತು. ಏನಾಗ್ಯದ ಎಂದು ಕೇಳಿದ್ದಕ್ಕೆ, ‘ನಮ್ಮ ಮನಿಯವರು ಹೊಡೀತಾರ್ರಿ. ಹೊಸದಾಗಿ ಕಲ್ತಾರ. ಕ್ಲಚ್ಚಿಗೂ ಅವರಿಗೂ ಇನ್ನೂ ದೋಸ್ತಿ ಆಗಿಲ್ಲ,’ ಎಂದೆ. ಇಬ್ಬರೂ ನಕ್ಕೆವು. ಅವನು ನಗುನಗುತ್ತಲೇ ಬರೆದುಕೊಂಡ, ನಾನು ನಗುನಗುತ್ತಲೇ ಸಹಿ ಹಾಕಿದೆ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಭೋಸರಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಪರೀಕ್ಷೆ ಮಾಡುವವನು ನಾನು. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ವಾಪಸ್ ಕಳಿಸುತ್ತೇನೆ. ಓದದೆ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲವೆಂದು ಅಲ್ಲಿ ನನ್ನ ಮೇಲೆ ಎಲ್ಲರಿಗೂ ಸಿಟ್ಟು.

ಆಮೇಲೆ ಒಂದು ದಿನ ನಾನೊಬ್ಬನೇ ಇಂದಾಪುರಕ್ಕೆ ಹೋಗಿ ಬರುವಾಗ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ವೇಗ ಇಳಿಸಿದೆ, ಗಾಡಿ ನಿಂತಿತು. ಹೆದ್ದಾರಿಯ ನಡುವೆ, ನನ್ನದೇ ಕೈಯಲ್ಲಿ. ಮನೆಗೆ ಬಂದು ‘ಗಾಡಿನ ಸರಿ ಇಲ್ಲ’ ಎಂದೆ. ‘ತಪ್ಪು ನಿನ್ನದಾಗಿರಲಿಲ್ಲ’ ಎನ್ನಲಿಲ್ಲ. ಎರಡೂ ಒಂದೇ ಮಾತು ಎಂದು ಆಗ ಅಂದುಕೊಂಡಿದ್ದೆ.

ಅಲ್ಲಿಂದ ಮುಂದೆ ಐದಾರು ಸಲ ವರ್ಕ್‌ಶಾಪಿಗೆ ಅಲೆದೆ. ಅಲ್ಲಿ ನಿಂತಾಗ ಗಾಡಿ ಬಂಗಾರದಂತೆ ಓಡುತ್ತಿತ್ತು. ದೋಷವನ್ನು ಸರಿಯಾಗಿ ಬರೆದುಕೋ ಎಂದರೆ ನಮ್ಮವನು ತಗ್ಗಿದ ದನಿಯಲ್ಲಿ ಹೇಳುತ್ತಿದ್ದ: ‘ಬರದ್ರ ಕಂಪನಿ ಇಂಜಿನಿಯರ್ ಬರೂತನಾ ಗಾಡಿ ಇಲ್ಲೇ ಬೀಳ್ತದ್ರಿ. ಸಾದಾ ಸರ್ವಿಸ್ ಅಂತ ಹಾಕ್ತೀನಿ, ಒಳಗಿಂದೊಳಗ ನೋಡಿಸ್ತೀನಿ. ನಮ್ಮವರಿಗೆ ಇಷ್ಟೂ ಮಾಡ್ಲಿಲ್ಲಂದ್ರ ಹ್ಯಾಂಗ?’ ಎಂಥ ಉಪಕಾರ! ಅವನಿಗೆ ಊರಿನಿಂದ ತರಿಸಿದ ಕರದಂಟು ಬೇರೆ ಒಯ್ದು ಕೊಟ್ಟೆ.

ಕೊನೆಗೆ ವಕೀಲರ ಹತ್ತಿರ ಹೋದೆವು. ವಯಸ್ಸಾದ ಮರಾಠಿ ಹೆಂಗಸು, ಸುತ್ತುಬಳಸಿ ಮಾತಾಡುವವರಲ್ಲ. ಪದೇ ಪದೇ ಕೆಡುವ ಗಾಡಿಯನ್ನು ಕಂಪನಿ ವಾಪಸ್ ತೆಗೆದುಕೊಳ್ಳಲೇಬೇಕು ಎನ್ನುವ ಪ್ರತ್ಯೇಕ ಕಾಯಿದೆ ನಮ್ಮಲ್ಲಿಲ್ಲ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂದರು. ತಯಾರಿಕೆಯಲ್ಲೇ ದೋಷವಿದೆ ಎಂದು ಸಾಬೀತಾದರೆ ಬೇರೆ ಗಾಡಿ, ಇಲ್ಲವೇ ಹಣ ಕೊಡಿಸುತ್ತಾರೆ. ಸಾಬೀತು ಮಾಡಬೇಕಾದವರು ನಾವು. ಅದಕ್ಕೆ ಬೇಕಾದದ್ದು ತಜ್ಞರ ವರದಿ ಮತ್ತು ವರ್ಕ್‌ಶಾಪಿನ ಜಾಬ್ ಕಾರ್ಡುಗಳು, ಅಂದರೆ ಪ್ರತಿ ಸಲ ಗಾಡಿ ಬಿಟ್ಟಾಗ ನಮ್ಮ ದೂರನ್ನು ಬರೆದುಕೊಂಡ ಕಾಗದಗಳು. ನನ್ನ ಹೆಂಡತಿ ಅವುಗಳ ಪ್ರತಿಗಳನ್ನು ಜೋಡಿಸಿಡಲಿಲ್ಲವೇ ಎಂದು ಕೇಳಿದಳು. ಗಾಡಿ ಸರಿಯಾಗಿ ಬಂದರಾಯಿತು ಎಂದು ನಾನು ಒಂದನ್ನೂ ಇಸಿದುಕೊಂಡಿರಲಿಲ್ಲ.

ಆಯೋಗದಲ್ಲಿ ದೂರು ಹಾಕಿದ ಮೇಲೆ ಅವುಗಳನ್ನು ಕಂಪನಿಯೇ ತನ್ನ ಉತ್ತರದ ಜೊತೆ ಹಾಜರುಪಡಿಸಿತು. ಒಂದೊಂದರ ಕೆಳಗೂ ನನ್ನ ಸಹಿ ಚೊಕ್ಕಟವಾಗಿ ಕೂತಿತ್ತು. ಸಾದಾ ಸರ್ವಿಸ್, ಸಾದಾ ಸರ್ವಿಸ್, ಗ್ರಾಹಕರಿಗೆ ಸಮಾಧಾನವಾಗಿದೆ. ಮೊದಲನೆಯದರಲ್ಲಿ ಮಾತ್ರ ಬೇರೆ ಇತ್ತು: ಗಾಡಿ ನಡೆಸುವ ಪತ್ನಿ ಹೊಸಬರು, ಕ್ಲಚ್ ಬಳಸಲು ಬರುವುದಿಲ್ಲ ಎಂದು ಗ್ರಾಹಕರೇ ತಿಳಿಸಿದ್ದಾರೆ, ಸರಿಯಾಗಿ ನಡೆಸಲು ಸಲಹೆ ನೀಡಲಾಗಿದೆ. ಪರೀಕ್ಷೆಗೆಂದು ತಜ್ಞರು ಬಂದ ದಿನ ಹಾಳು ಗಾಡಿ ಒಮ್ಮೆಯೂ ನಿಲ್ಲಲಿಲ್ಲ. ದೂರು ವಜಾ ಆಯಿತು. ಜಮಖಂಡಿಯವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ‘ನೀವ ಹೇಳಿದ್ದನ್ನ ಬರದೀನ್ರಿ ಸರ,’ ಎಂದ. ಅವನು ಸುಳ್ಳು ಹೇಳಿರಲಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು.

ಆದೇಶದ ಪ್ರತಿ ಬಂದ ಮರುದಿನ ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ನಿಂತು ಅದನ್ನು ಓದುತ್ತಿದ್ದಳು. ಅವಳ ಮರಾಠಿ ನನಗಿಂತ ಚೆನ್ನಾಗಿದೆ.

‘ಹೀಂಗ ಹೇಳಿದ್ರೇನ್ರಿ ನೀವು?’

‘ಚಾಷ್ಟಿಗೆ ಅಂದಿದ್ದೆ.’

‘ಯಾರ ಮುಂದ?’

ಅಪೀಲು ಹಾಕಲು ಇನ್ನೂ ಅವಧಿ ಇದೆಯೆಂದು ವಕೀಲರು ಹೇಳಿದ್ದರು. ಅದನ್ನೇ ಹಿಡಿದುಕೊಂಡೆ. ‘ಅಪೀಲ್ ಹಾಕೋಣು. ಅವತ್ತ ನಾ ಹೇಳಿದ್ದು ಖರೆ ಅಲ್ಲ, ನಿನಗ ಛಲೋ ಬರ್ತದ ಅಂತ ಅಫಿಡವಿಟ್ ಬರದ ಕೊಡ್ತೀನಿ.’

ಅವಳು ಕಾಗದವನ್ನು ಮಡಚಿ ಕಟ್ಟೆಯ ಮೇಲಿಟ್ಟಳು. ‘ಅವರಿಗೆ ಆಮ್ಯಾಲೆ ಬರದ ಕೊಡ್ರಿ. ಮೊದಲ ನನಗ ಹೇಳ್ರಿ. ನನಗ ಗಾಡಿ ಹೊಡೀಲಿಕ್ಕೆ ಬರ್ತದೋ ಇಲ್ಲೋ?’

‘ಬರ್ತದ,’ ಎಂದೆ.

‘ಕಾತ್ರಜದಾಗ ನಿಂತ ದಿನ ಇಷ್ಟ ಅಂದಿದ್ರ ಸಾಕಿತ್ತು,’ ಎಂದಳು. ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಟುಹೋದಳು.